ಕೈಗುಣದ ತಪ್ಪಲ್ಲ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹಿತ್ತಿಲಲ್ಲಿ ಮಂಡಿಯೂರಿ ಕೂತ ಅರವತ್ತೊಂದರ ಮನುಷ್ಯ ನೆಲಕ್ಕೆ ಹಳೆಯ ಸ್ಕ್ರೂಡ್ರೈವರ್ ಚುಚ್ಚುತ್ತಾರೆ. ಎರಡು ಬೆರಳಿನಷ್ಟು ಇಳಿದು ಅದು ನಿಂತುಬಿಡುತ್ತದೆ. ಹಳದಿಗಟ್ಟಿದ ಹುಲ್ಲನ್ನು ಹಿಡಿದು ಎಳೆದರೆ ಚಾಪೆಯಂತೆ ಎದ್ದು ಬರುತ್ತದೆ. ಹಾಸಿ ಮೂರು ತಿಂಗಳಾದರೂ ಬೇರು ಕೆಳಗಿಳಿದಿಲ್ಲ.

"ನೆಲ ಕಲ್ಲಾಗಿದೆ. ಮೇಲೆ ದಿನಾ ಸಂಜೆ ಒಂದಿಷ್ಟು ನೀರು ಚಿಮುಕಿಸ್ತಿದ್ದಾರೆ. ಕೂತಲ್ಲಿಗೇ ಊಟ ಬಂದ್ರೆ ಯಾರಾದ್ರೂ ಎದ್ದು ಹೋಗ್ತಾರಾ? ಬೇರೂ ಅಷ್ಟೇ, ಸೋಮಾರಿ," ಎಂದು ಜೊತೆಗೆ ಬಂದ ನಮಗೆ ವಿವರಿಸುತ್ತಾರೆ.

ಸುತ್ತಲಿನ ಬೀದಿಗಳಲ್ಲಿ ಇವರು 'ಹುಲ್ಲು ಡಾಕ್ಟ್ರು'. ಪಾಳುಬಿದ್ದ ಅಂಗಳಗಳಲ್ಲಿ ಹೊಸ ಹುಲ್ಲು ಸೊರಗಿದರೆ ಇವರಿಗೆ ಕರೆ ಬರುತ್ತದೆ. ದಿನಕ್ಕೆ ಎರಡು ಅಂಗಳ. ಒಂದೊಂದರಲ್ಲೂ ನಾಲ್ಕು ಹಲ್ಲಿನ ಫೋರ್ಕನ್ನು ಕಡಿಮೆಯೆಂದರೂ ಆರುನೂರು ಸಲ ನೆಲಕ್ಕೆ ಊರಿ ಅಲುಗಿಸಬೇಕು, ತೂತುಗಳಿಗೆ ಮರಳು ಗೊಬ್ಬರ ತುಂಬಬೇಕು. ಹಿಂದೆ ಮಾಡುತ್ತಿದ್ದ ಗಾರೆ ಕೆಲಸದಲ್ಲೇ ಹಾಳಾದ ಬಲಭುಜ ರಾತ್ರಿಯಾದರೆ ತಕರಾರು ತೆಗೆಯುತ್ತದೆ. "ನಿಮ್ಮ ಭುಜಕ್ಕೂ ಒಬ್ಬ ಡಾಕ್ಟ್ರನ್ನ ಹುಡುಕಿ," ಎಂದು ಹೆಂಡತಿ ಬೈಯುತ್ತಲೇ ಶಾಖ ಕೊಡುತ್ತಾರೆ.

ಇಂದು ನೋವಿರುವುದು ಭುಜದಲ್ಲಲ್ಲ. ಗೇಟು ಕಂಡೊಡನೆಯೇ ಅವರಿಗೆ ಗುರುತು ಸಿಕ್ಕಿದೆ. ಹದಿನಾಲ್ಕು ವರ್ಷದ ಹಿಂದೆ ಇದೇ ಹಿತ್ತಿಲಿಗೆ ಹುಲ್ಲು ಹಾಸಿದ್ದು ಅವರೇ.

ಮನೆಯೊಡತಿ ನಿವೃತ್ತ ಹೊಲಿಗೆ ಟೀಚರು. ಕಣ್ಣು ಮಂಜಾಗಿದೆ, ಇವರ ಗುರುತು ಹತ್ತಿಲ್ಲ. ಮೆಟ್ಟಿಲ ಮೇಲೆ ಕೂತು ತಪ್ಪೊಪ್ಪಿಕೊಳ್ಳುವವರಂತೆ ಹೇಳುತ್ತಾರೆ: "ದಿನಾ ಸಂಜೆ ಸ್ವಲ್ಪ ಸ್ವಲ್ಪ ನೀರು ಹಾಕಿ ಅಂತ ಹಿಂದೆ ಹುಲ್ಲು ಹಾಕಿದವ್ರು ಹೇಳಿದ್ರಪ್ಪ. ಒಂದು ದಿನಾನೂ ತಪ್ಪಿಸಲಿಲ್ಲ. ಆಗ್ಲೂ ಒಣಗಿತು, ಈಗ ಸೊಸೆ ಹಾಕಿಸಿದ್ದೂ ಒಣಗ್ತಿದೆ. ನನ್ನ ಕೈಗುಣವೇ ಸರಿಯಿಲ್ಲ. ಮೊಮ್ಮಗಳು ಬೀಜ ಊರುವಾಗ್ಲೂ ನಾನು ದೂರವೇ ನಿಲ್ತೀನಿ."

ಹುಲ್ಲು ಡಾಕ್ಟ್ರು ಫೋರ್ಕ್ ಕೆಳಗಿಡುತ್ತಾರೆ.

"ಹಾಗೆ ಹೇಳಿದ್ದು ನಾನೇ ಟೀಚರಮ್ಮ. ನಂಗೆ ಹುಲ್ಲು ಹಾಸೋದು ಕಲಿಸಿದ ಮೇಸ್ತ್ರಿ ಹೇಳಿದ್ದ, ನಾನು ಎಲ್ಲರಿಗೂ ಹೇಳಿದೆ. ನೆಲ ಅಗೆದು ನೋಡೋ ಬುದ್ಧಿ ಬರಲಿಲ್ಲ. ವಾರಕ್ಕೆ ಎರಡೇ ಸಲ, ಬೆಳಗ್ಗೆ, ಗೇಣುದ್ದ ಇಳಿಯೋ ಹಾಗೆ ಹಾಕ್ಬೇಕಿತ್ತು. ತಪ್ಪು ನಿಮ್ಮ ಕೈಯದಲ್ಲ, ನನ್ನ ಬಾಯಿದು."

ಟೀಚರು ತಮ್ಮ ಅಂಗೈಗಳನ್ನು ತಿರುಗಿಸಿ ನೋಡುತ್ತಾರೆ.

"ನಿಂಗೆ ಗೊತ್ತಾಗಿದ್ದು ಯಾವಾಗಪ್ಪ?"

"ಆರು ವರ್ಷ ಆಯ್ತು."

"ಆಗ್ಲೇ ಬಂದು ಒಂದು ಮಾತು ಹೇಳಬಾರ್ದಿತ್ತಾ?"

ಹುಲ್ಲು ಡಾಕ್ಟ್ರು ಮತ್ತೆ ಫೋರ್ಕ್ ಎತ್ತಿಕೊಳ್ಳುತ್ತಾರೆ. ನಾಚಿಕೆಯಿಂದ ಈ ಬೀದಿಯನ್ನೇ ತಪ್ಪಿಸಿ ಸುತ್ತುದಾರಿಯಲ್ಲಿ ಓಡಾಡಿದ್ದನ್ನು ಯಾವ ಮುಖ ಇಟ್ಟುಕೊಂಡು ಹೇಳುವುದು? ಮಿಂಚಿಹೋದದ್ದಕ್ಕೆ ಚಿಂತಿಸಿ ಫಲವಿಲ್ಲ ಅನ್ನುತ್ತದೆ ಗಾದೆ. ಹುಲ್ಲಿನ ಮಟ್ಟಿಗೆ ಅದು ನಿಜವಿರಬಹುದು, ಮನುಷ್ಯರ ಮಟ್ಟಿಗಲ್ಲ. ಹಳೆಯ ಮನೆಗಳನ್ನೆಲ್ಲ ಹುಡುಕಿ ಹೋಗಬೇಕೆಂದು ಅವರು ಅಂದುಕೊಂಡದ್ದು ಎಷ್ಟೋ ಸಲ. ಹೋದದ್ದು ನಾಲ್ಕೇ ಮನೆಗೆ. ಅವುಗಳಲ್ಲಿ ಮೂರರಲ್ಲಿ ಬೇರೆ ಯಾರೋ ಇದ್ದರು.

ಒಂಬತ್ತರ ಹೊತ್ತಿಗೆ ನೆಲ ಸಡಿಲವಾಗಿದೆ, ಪೈಪಿನ ನೀರು ಆಳಕ್ಕಿಳಿಯುತ್ತಿದೆ. ಬೋಳಾದ ಜಾಗಗಳಿಗೆಲ್ಲ ಬೀಜ ಬಿದ್ದಿದೆ. ಮೆಟ್ಟಿಲ ಪಕ್ಕದ ಮೊರದಗಲದ ತುಂಡು ಮಾತ್ರ ಉಳಿದಿದೆ. ಹುಲ್ಲು ಡಾಕ್ಟ್ರು ಬೀಜದ ಬಟ್ಟಲನ್ನು ಟೀಚರ ಮುಂದೆ ಹಿಡಿಯುತ್ತಾರೆ. ಟೀಚರು ಎರಡೂ ಕೈಗಳನ್ನು ಹಿಂದಕ್ಕೆಳೆದುಕೊಳ್ಳುತ್ತಾರೆ.

ಡಾಕ್ಟ್ರು ಒತ್ತಾಯಿಸುವುದಿಲ್ಲ. ಬಟ್ಟಲನ್ನು ಮೆಟ್ಟಿಲ ಮೇಲಿಟ್ಟು ಸೈಕಲ್ಲಿನ ಕಡೆ ನಡೆಯುತ್ತ ನಮಗಷ್ಟೇ ಕೇಳುವಂತೆ ಹೇಳುತ್ತಾರೆ:

"ಆ ತುಂಡನ್ನ ನಾನು ಮುಟ್ಟಲ್ಲ. ಪ್ರತಿ ವಾರ ಬಂದು ನೋಡ್ತೀನಿ. ಒಂದು ಹಿಡಿ ಬೀಜ ಟೀಚರಮ್ಮನ ಕೈಯಿಂದ ಬಿದ್ರೆ ಸಾಕು ನಂಗೆ."