ಉಪ್ಪು ನೋಡುವ ಮಾದಣ್ಣ

ಪುಟ್ಟಮಾದಣ್ಣ ಬೋಟು ಹೊರಡಿಸುವ ಮುಂಚೆ ಎಂಜಿನ್ನಿನ ಮೇಲೆ ತೋರುಬೆರಳನ್ನು ಒಮ್ಮೆ ಎಳೆದು ನಾಲಗೆಗೆ ತಾಗಿಸಿ ನೋಡುತ್ತಿದ್ದ. ಒಲೆಯ ಮೇಲಿನ ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನೋಡುವ ಹೆಂಗಸರ ಹಾಗೆ ಕಣ್ಣು ಸಣ್ಣಗೆ ಮಾಡಿ, ಒಂದು ಗಳಿಗೆ ಯೋಚಿಸಿ, ಥೂ ಎಂದು ಉಗಿದು, "ಉಪ್ಪಿಲ್ಲ. ಹತ್ತಿ, ಹತ್ತಿ" ಎನ್ನುತ್ತಿದ್ದ. ಕಬಿನಿಯ ಹಿನ್ನೀರಿನಲ್ಲಿ ಉಪ್ಪು ಎಲ್ಲಿಂದ ಬರಬೇಕು? ಎಮ್ಮೆ ಕುಡಿಯುವ ನೀರು ಅದು. ಆದರೂ ಒಂದು ದಿನ ಇದನ್ನು ತಪ್ಪಿಸಿದವನಲ್ಲ ಮಹಾರಾಯ.

ನಾನು ಕೆ.ಆರ್. ನಗರದ ಕಡೆಯವಳು. ನಾಲೆಯಲ್ಲಿ ಕಾಲು ತೊಳೆದದ್ದು ಬಿಟ್ಟರೆ ನೀರಿನ ಸಹವಾಸವೇ ಇರಲಿಲ್ಲ. ನರ್ಸ್ ಕೆಲಸಕ್ಕೆ ಎಚ್.ಡಿ. ಕೋಟೆಯ ಈ ಮೂಲೆಗೆ ಹಾಕಿದಾಗ, ಹಿನ್ನೀರಿನ ಆಚೆ ದಡದ ಆದಿವಾಸಿಗಳ ಹಾಡಿಗೆ ಹೋಗಿ ಮಕ್ಕಳಿಗೆ ಇಂಜೆಕ್ಷನ್ ಹಾಕುವುದು ನನ್ನ ಪಾಲಿಗೆ ಬಂತು. ಮೊದಲ ದಿನ ಲಸಿಕೆಯ ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಎದುರಿಗೆ ಈ ಮನುಷ್ಯ ಎಂಜಿನ್ ನೆಕ್ಕುತ್ತಿದ್ದಾನೆ!

"ಏನಣ್ಣ ಇದು, ಡೀಸೆಲ್ ನೆಕ್ತೀರಲ್ಲ? ಹೊಟ್ಟೆ ಕೆಟ್ಟರೆ ಆಮೇಲೆ ನನ್ನ ಹತ್ರಾನೇ ಬರ್ತೀರಿ" ಎಂದೆ.

"ಸಿಸ್ಟ್ರೇ, ಗೆದ್ಲು ಮರ ತಿಂದಂಗೆ ಉಪ್ಪು ಕಬ್ಬಿಣನ ತಿಂತದೆ ಕಣಮ್ಮ. ಮೇಲೆ ಬಣ್ಣ ಅಂಗೇ ಇರ್ತದೆ, ಒಳ್ಗೆ ಏನೂ ಇರಾಕಿಲ್ಲ."

"ಇಲ್ಲಿ ಉಪ್ಪು ಎಲ್ಲಿದೆ?"

"ಇಲ್ಲ ಅನ್ನಾದು ನೋಡಿದ್ಮೇಲೆ ತಾನೇ ಗೊತ್ತಾಗಾದು?"

 ಐಸ್ ಡಬ್ಬಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡು ಕೂತೆ.

ಮಾದಣ್ಣ ಹರೆಯದಲ್ಲಿ ಬಾವಲಿಯ ಗಡಿ ದಾಟಿ ಶುಂಠಿ ಹೊಲದ ಕೂಲಿಗೆ ಕೇರಳಕ್ಕೆ ಹೋದವನು, ಹಾಗೇ ಇಳಿದು ಇಳಿದು ಕಲ್ಲಿಕೋಟೆಯ ಕಡಲು ಸೇರಿಕೊಂಡಿದ್ದ. ಮೀನು ಹಿಡಿಯುವ ಬೋಟುಗಳಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ. ಆ ಸದ್ದಿಗೆ ಒಂದು ಕಿವಿ ಮಂದವಾದ ಮೇಲೆ ಊರಿಗೆ ಬಂದು, ಈ ದಡಕ್ಕೂ ಆ ದಡಕ್ಕೂ ಬೋಟು ಬಿಡುವವನಾದ. ಮೈ ಊರಿಗೆ ಬಂದಿತ್ತು, ಅಭ್ಯಾಸಗಳು ಬಂದಿರಲಿಲ್ಲ. ಮಾತು ಸಾಕೆನಿಸಿದರೆ "ಪೋಟ್ಟೆ", ಹೋಗಲಿ ಬಿಡು, ಎಂದು ಮಲಯಾಳದಲ್ಲಿ ಕೈ ಒದರುತ್ತಿದ್ದ. ಕಡಲಿನ ಉಪ್ಪು ತೊಳೆಯುವವರ ಹಾಗೆ ಸಂಜೆ ಕೊಡಗಟ್ಟಲೆ ಬಾವಿ ನೀರು ತರಿಸಿ ಎಂಜಿನ್ ತೊಳೆಯುತ್ತಿದ್ದ. ಆ ಕೊಡ ಹೊರುತ್ತಿದ್ದವಳು ಅವನ ಹೆಂಡತಿ ಮಹದೇವಮ್ಮ. ದಡದಲ್ಲಿ ನಿಂತು ಊರಿಗೆಲ್ಲ ಕೇಳುವ ಹಾಗೆ, "ಒಳೆ ನೀರ್ನ ಬಾವಿ ನೀರಲ್ಲಿ ತೊಳೀತನೆ ನನ್ ಗಂಡ. ಎಂಜಿನ್ ನೆಕ್ಕಾಕೆ ಓಯ್ತನೆ, ನಾನ್ ಮಾಡಿದ್ ಸಾರು ಸಪ್ಪೆ ಆದ್ರೆ ಗೊತ್ತೇ ಆಗಾಕಿಲ್ಲ ಇವ್ನಿಗೆ" ಎಂದು ಬಯ್ಯುತ್ತಿದ್ದಳು. ಅವನು ಮಂದ ಕಿವಿಯನ್ನು ಅವಳ ಕಡೆ ತಿರುಗಿಸಿ ಕೂರುತ್ತಿದ್ದ.

ಊರು ಅವನನ್ನು ಜೀವನಪೂರ್ತಿ ರೇಗಿಸುವಂಥ ಕೆಲಸವನ್ನು ಮಾದಣ್ಣ ಬೋಟು ಬಿಡತೊಡಗಿದ ಮೊದಲ ಬೇಸಿಗೆಯಲ್ಲೇ, ನಾನು ಬಂದ ವರ್ಷವೇ, ಮಾಡಿಕೊಂಡ. ಅಣೆಕಟ್ಟಿನಿಂದ ನಾಲೆಗೆ ನೀರು ಬಿಟ್ಟಿದ್ದರು. ಸಂಜೆಯ ಹೊತ್ತಿಗೆ ಹಿನ್ನೀರು ಸರಿದು ಬೋಟಿನ ಹೊಟ್ಟೆ ಕೆಸರಿಗೆ ತಾಗಿತ್ತು. ದಡದಲ್ಲಿದ್ದವರು, ಕೆಳಕ್ಕೆ ತಳ್ಳೋಣ ಬಾ ಎಂದು ಕರೆದರು. ಇವನು ಬೀಡಿ ಹಚ್ಚಿಕೊಂಡು, "ಬುಡ್ರಲಾ, ಬೆಳಿಗ್ಗೆಗೆ ನೀರು ತಾನಾಗೇ ವಾಪಸ್ ಬತ್ತದೆ. ಕಡ್ಲಲ್ಲಿ ದಿನಾ ನೋಡಿಲ್ವಾ ನಾನು?" ಎಂದ. ಕಡಲಿನ ನೀರು ಇಳಿಯುತ್ತದೆ, ಮತ್ತೆ ಏರುತ್ತದೆ. ಅಣೆಕಟ್ಟಿನ ನೀರು ಇಳಿದರೆ ವಯನಾಡಿನಲ್ಲಿ ಮಳೆ ಹಿಡಿಯುವ ತನಕ ಏರುವುದಿಲ್ಲ ಎಂಬುದು ಅವನ ತಲೆಗೇ ಹೊಳೆದಿರಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ನೀರು ಇನ್ನೂ ದೂರ. ಆಗಲೂ ಒಪ್ಪದೆ ಕಾದು ಕೂತ. ಕೊನೆಗೆ ಕೆಸರು ಬಿಗಿದು, ಎತ್ತು ಕಟ್ಟಿ ಎಳೆಸಬೇಕಾಯಿತು. ತಳದ ಹಲಗೆ ಸೀಳಿತು.

ನನ್ನ ಇಂಜೆಕ್ಷನ್ ದಿನ ಹಾಳಾಗಿತ್ತು. ಅವತ್ತಿನ ತನಕ ನೀವು ತಾವು ಅನ್ನುತ್ತಿದ್ದವಳು ಅವತ್ತು ಮರ್ಯಾದೆಯನ್ನೆಲ್ಲ ದಡದಲ್ಲಿಟ್ಟು, "ಮಾದಣ್ಣ, ನಿನಗೆ ತಲೆ ಗಿಲೆ ಇದೆಯಾ?" ಎಂದು ಕಿರುಚಿದೆ.

"ಐತೆ ಕಣವ್ವ. ಇನ್ನೂ ಕಲ್ಲಿಕೋಟೇಲೇ ಐತೆ" ಎಂದ, ತಲೆ ಕೆರೆದುಕೊಂಡು. ನಗು ತಡೆಯಲಾಗಲಿಲ್ಲ ನನಗೆ. ಅಲ್ಲಿಂದ ನಾವಿಬ್ಬರೂ ನೀನು-ನಾನು ಎನ್ನುವಷ್ಟು ಹತ್ತಿರದವರಾದೆವು.

ಅವತ್ತಿನಿಂದ ಊರಿನಲ್ಲಿ ಅವನಿಗೆ ನಮಸ್ಕಾರದ ಬದಲು ಇದೊಂದೇ ಪ್ರಶ್ನೆ: "ಮಾದಣ್ಣೋ, ನೀರು ಬಂತಾ?" ಹಂಪಾಪುರದ ಸಂತೆಯಲ್ಲಿ ಸಿಕ್ಕಿದರೂ ಅದೇ, ಸಾವಿನ ಮನೆಯಲ್ಲಿ ಸಿಕ್ಕಿದರೂ ಅದೇ. ಅವನೂ ಮುಖ ಗಂಟಿಕ್ಕದೆ, "ಹೊಂಟೈತಂತೆ. ದಾರೀಲೈತೆ" ಎನ್ನುತ್ತಿದ್ದ.

ಆದರೆ ಪಾಠ ಕಲಿತಿದ್ದ. ಮುಂದಿನ ಬೇಸಿಗೆಗಳಲ್ಲಿ ನೀರು ಹಿಂದೆ ಸರಿದಂತೆಲ್ಲ ಬೋಟನ್ನು ದಿನಾ ಅದರ ಹಿಂದೆಯೇ ಇಳಿಸಿಕೊಂಡು ಹೋಗುತ್ತಿದ್ದ, ಎಳೆಗರುವನ್ನು ತಾಯಿಯ ಹಿಂದೆ ಬಿಡುವ ಹಾಗೆ. ಹಿನ್ನೀರಿನ ಕಾಟವೂ ಒಂದೊಂದಾಗಿ ಅವನಿಗೆ ಪರಿಚಯವಾಯಿತು. ಮುಳುಗಿದ ಕಾಡಿನ ಮೋಟುಮರಗಳು ನೀರು ಇಳಿದಾಗ ತಲೆ ಎತ್ತುತ್ತವೆ. ಆಷಾಢದ ಗಾಳಿ ಬೋಟನ್ನು ಅವುಗಳ ಕಡೆಗೇ ತಳ್ಳುತ್ತದೆ. ಒಂದು ಸಲ ಹಾಡಿಯ ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಬೋಟು ತುಂಬ ಕೂತಿದ್ದಾಗ, ನಡುನೀರಿನಲ್ಲಿ ಎಂಜಿನ್ ಆರಿಸಿಬಿಟ್ಟ. ಗಾಳಿ ಬೇರೆ. "ಯಾಕೋ ಆರಿಸಿದೆ, ಸಾಯಿಸ್ತೀಯಾ?" ಎಂದೆ. "ಸೊಪ್ಪು ಕಚ್ಕಂಡೈತೆ ಸಿಸ್ಟ್ರೇ, ಎಂಜಿನ್ಗೆ ನೀರು ಓಯ್ತಿಲ್ಲ. ಈಗ ಓಡ್ಸುದ್ರೆ ಸುಟ್ಟೋಯ್ತದೆ" ಎಂದವನೇ ಲಂಗರು ಇಳಿಬಿಟ್ಟು, ಕುಡುಗೋಲು ಹಿಡಿದು ನೀರಿಗೆ ಧುಮುಕಿದ. ಎಂಜಿನ್ ತಣ್ಣಗಾಗಲು ನೀರು ಹೀರುವ ಪೈಪಿನ ಬಾಯಿಗೆ ಜೊಂಡು ಸುತ್ತಿಕೊಂಡಿತ್ತು. ಮೇಲೆ ಬಂದು, ಮೈ ನಡುಗುತ್ತಿದ್ದರೂ, ಬೆರಳು ಎಳೆದು ಉಪ್ಪು ನೋಡಿಯೇ ಎಂಜಿನ್ ಚಾಲೂ ಮಾಡಿದ. ನಡುನೀರಿನಲ್ಲಿ! ಹಾಡಿಯ ಹೆಂಗಸರು ಆ ಭಯದಲ್ಲೂ ನಕ್ಕರು.

ಹೋದ ಬೇಸಿಗೆ ಅವನಿಗೆ ಎದೆ ಕೆಟ್ಟಿತು. ಮೈಸೂರಿನ ಆಸ್ಪತ್ರೆಗೆ ನಾನೇ ಕಳಿಸಿದೆ. ಅವನಿಗೆ ತನ್ನ ಜೀವದ ಚಿಂತೆಗಿಂತ ಬೋಟಿನ ಚಿಂತೆ. ಬೋಟು ಕೆಸರಿನಲ್ಲಿ ಕೂತು ಬಿಸಿಲಿಗೆ ಹಲಗೆ ಬಿರಿದರೆ ಮಳೆಗಾಲಕ್ಕೆ ದಾಟುವ ದಾರಿಯೇ ಇಲ್ಲ. ಹಾಡಿಯ ಬಸುರಿಯರು ಆನೆ ತಿರುಗುವ ಕಾಡುದಾರಿಯಲ್ಲೇ ನಡೆದು ಬರಬೇಕು. ದಿನಾ ಫೋನು ಮಾಡಿ, "ಬೋಟ್ ಎಲ್ಲೈತೆ?" ಎಂದು ಕೇಳುತ್ತಿದ್ದ. ಮಹದೇವಮ್ಮ ಊರಿನ ಗಂಡಸರನ್ನು ಬಿಡಲಿಲ್ಲ. "ನೀರು ಬಂತಾ ಅಂತ ಅಲ್ಲು ಕಿರೀತಿದ್ರಲ್ಲ, ಬನ್ರೋ ಈಗ, ತಳ್ರಿ" ಎಂದು ಮನೆಮನೆಯ ಮುಂದೆ ನಿಂತು ಕರೆದಳು. ಬಂದರು, ಒಬ್ಬನೂ ಗೊಣಗಲಿಲ್ಲ. ಸಂಜೆ ಡ್ಯೂಟಿ ಮುಗಿದ ಮೇಲೆ ನಾನೂ ಸೀರೆ ಎತ್ತಿ ಕಟ್ಟಿ ಹೆಗಲು ಕೊಟ್ಟೆ. ಆ ಬೇಸಿಗೆಯಿಡೀ ಬೋಟು ನೀರಿನ ಅಂಚು ಬಿಡಲಿಲ್ಲ.

ಒಂದು ಭಾನುವಾರ ಆಸ್ಪತ್ರೆಗೆ ಹೋದೆ. ಮಾದಣ್ಣ ಹಾಸಿಗೆಯಲ್ಲಿ ಅರ್ಧ ಆಗಿದ್ದ. ನನ್ನನ್ನು ಕಂಡವನೇ ಕೇಳಿದ:

"ಸಿಸ್ಟ್ರೇ, ನೀರು ಬಂತಾ?"

ಇಷ್ಟು ವರ್ಷ ನಾವು ಅವನನ್ನು ಕೇಳಿದ ಪ್ರಶ್ನೆ. ನಿಜವಾಗಿ ತಿಳಿಯಬೇಕೆಂದೇ ಕೇಳುತ್ತಿದ್ದಾನೆ.

"ದಾರೀಲಿದೆ ಮಾದಣ್ಣ" ಎಂದೆ.

ಕೆಮ್ಮು ಬರುವ ತನಕ ನಕ್ಕ. "ನಂಗೇ ಯೋಳ್ಕೊಡ್ತೀಯಾ? ಬರ್ಲಿ ಬುಡು. ಹಗ್ಗ ಉದ್ದ ಬುಟ್ಟಿರ್ರಿ, ನೀರು ಏರ್ದಂಗೆ ಬೋಟೂ ಏರ್ಲಿ." ಆಮೇಲೆ "ಪೋಟ್ಟೆ, ನೀ ಊಟ ಮಾಡ್ದಾ?" ಎಂದ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಮಳೆಗೆ ಮುಂಚೆಯೇ ಹೋಗಿಬಿಟ್ಟ. ವಯನಾಡಿನಲ್ಲಿ ಮಳೆ ಹಿಡಿದು ನೀರು ಏರತೊಡಗಿದಾಗ ಬೋಟು ಉದ್ದ ಹಗ್ಗದಲ್ಲಿ ತಾನೂ ಏರಿತು, ಹಲಗೆ ಒಂದೂ ಬಿರಿದಿರಲಿಲ್ಲ. ಮಾದಣ್ಣನ ಬಾಮೈದ ಶಿವಣ್ಣ ಬೋಟು ನಡೆಸಲು ಒಪ್ಪಿಕೊಂಡಿದ್ದ. ಮೊದಲ ದಿನ ಐಸ್ ಡಬ್ಬಿ ಹಿಡಿದು ನಾನು ಹೋದೆ, ಇನ್ನೂ ಹತ್ತಾರು ಜನ ಇದ್ದರು. ಶಿವಣ್ಣ ಸಿದ್ಧನಾಗಿ ನಿಂತಿದ್ದ. ಆದರೆ ಯಾರೂ ಹತ್ತಲಿಲ್ಲ. ಏನೋ ಆಗಬೇಕಾದ್ದು ಆಗಿಲ್ಲ ಎಂದು ಎಲ್ಲರೂ ದಡದಲ್ಲೇ ನಿಂತಿದ್ದೆವು.

ಬಾವಿಯ ಕಡೆಯಿಂದ ಮಹದೇವಮ್ಮ ನೀರಿನ ಕೊಡ ಹೊತ್ತು ಬಂದಳು. ಕೊಡ ಇಳಿಸಿ, ಸೆರಗು ಸಿಕ್ಕಿಸಿ, ಮೊಣಕಾಲು ನೀರಿಗೆ ಇಳಿದು ಬೋಟು ಹತ್ತಿದಳು. ಎಂಜಿನ್ನಿನ ಮೇಲೆ ಬೆರಳು ಎಳೆದು ನಾಲಗೆಗೆ ತಾಗಿಸಿದಳು. ಅವನ ಹಾಗೆಯೇ ಕಣ್ಣು ಸಣ್ಣಗಾಯಿತು.

"ಉಪ್ಪಿಲ್ಲ. ಹತ್ತಿ, ಹತ್ತಿ" ಎಂದಳು.

ಹತ್ತಿದೆವು.