ಸೋನೋಗ್ರಫಿ ಹೇಳಿದ ಮೇಲೆ

ಮೊದಲು ವಾಕರಿಕೆ ಬಂದದ್ದು ಒಗ್ಗರಣೆಯ ವಾಸನೆಗೆ. ಘಾಟ್ಕೋಪರಿನ ಉಡುಪಿ ಹೋಟೆಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಸಾಂಬಾರ್ ಮಾಡುವವನು ನಾನು. ನನ್ನದೇ ಸಾಂಬಾರಿಗೆ ಹೊಟ್ಟೆ ತೊಳಸಿತು. ಬಲಪಕ್ಕೆಯ ಕೆಳಗೆ ಭಾರ. ಎರಡು ತುತ್ತಿಗೇ ಹೊಟ್ಟೆ ಉಬ್ಬುತ್ತಿತ್ತು. ಕಣ್ಣು ಸ್ವಲ್ಪ ಹಳದಿಯಾಯಿತು.

ನೋಡಿದವರೆಲ್ಲ ತೀರ್ಮಾನ ಮಾಡಿಬಿಟ್ಟರು.

ಕುಡಿತ.

ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ನಾನು. ಹೇಳಿದೆ. ಹೆಂಡತಿ ವನಜ "ಆಯ್ತು" ಅಂದಳು. ಮರುದಿನದಿಂದ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಹತ್ತಿರ ಬಂದು ನನ್ನ ಬಾಯಿ ಮೂಸತೊಡಗಿದಳು. ಉಬ್ಬಿದ ಹೊಟ್ಟೆಗಿಂತ ಆ ಮೂಗು ನನಗೆ ಹೆಚ್ಚು ಅಸಹ್ಯವಾಯಿತು.

ಕಾಮಾಲೆಯೂ ಇರಬಹುದೆಂದು ಊರಿಂದ ಸೊಪ್ಪಿನ ಮದ್ದು ತರಿಸಿದಳು. ಹಸಿರು, ಕಹಿ, ಲೋಳೆ. ಜತೆಗೆ ಕಾಯಿಲೆ ಬಿದ್ದವರಿಗೆ ನಮ್ಮ ಕಡೆ ಕೊಡುವ ಊಟ: ಮೂರು ಹೊತ್ತೂ ಗಂಜಿ, ನೆಂಜಿಕೊಳ್ಳಲು ಮಿಡಿ ಉಪ್ಪಿನಕಾಯಿ. ಬಾಯಿಗೆ ಹಿಡಿಸುತ್ತಿದ್ದದ್ದು ಆ ಉಪ್ಪೊಂದೇ. ಭರಣಿಯ ರಸವನ್ನೂ ಸುರಿದುಕೊಂಡು ಉಂಡೆ. ಎರಡೇ ವಾರದಲ್ಲಿ ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ. ಸ್ಟೇಷನ್ನಿನ ಮೆಟ್ಟಿಲಲ್ಲಿ ಉಸಿರು ಸಿಗದೆ ಕೂತುಬಿಟ್ಟೆ.

ಸೋನೋಗ್ರಫಿಗೆ ಮಲಗಿದಾಗ ಹೊಟ್ಟೆಗೆ ತಣ್ಣನೆಯ ಜೆಲ್ ಸುರಿದರು. ಸಿಂಬಳದ ಹಾಗಿತ್ತು. ಉಸಿರೆಳೆಯಲು ಹೇಳಿ ಡಾಕ್ಟರಮ್ಮ ಸ್ಕ್ರೀನ್ ತೋರಿಸಿದರು. ಲಿವರ್ ಊದಿದೆ, ಅದರ ರಕ್ತನಾಳಗಳು ಹಿಗ್ಗಿವೆ. ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಉಸಿರೆಳೆದಾಗ ಕುಗ್ಗಬೇಕಂತೆ. ನನ್ನದು ಕುಗ್ಗಲೇ ಇಲ್ಲ. ಹೃದಯ ಸರಿಯಾಗಿ ಪಂಪ್ ಮಾಡುತ್ತಿಲ್ಲ, ರಕ್ತ ಹಿಂದೆ ಲಿವರಿನಲ್ಲಿ ನಿಲ್ಲುತ್ತಿದೆ, ಇವತ್ತೇ ಹೃದಯದ ಸ್ಕ್ಯಾನ್, ಟೂ-ಡಿ ಎಕೋ ಮಾಡಿಸಿ ಎಂದರು.

"ದಾರೂ ಸೇ ನಹೀ?" ಕುಡಿತದಿಂದ ಅಲ್ಲವಾ ಎಂದು ವನಜ ಕೇಳಿದಳು.

"ನಹೀ. ಹಾರ್ಟ್ ಸೇ."

ಅವಳು ಇನ್ನೊಮ್ಮೆ ಕೇಳಿದಳು. ನನಗೆ ಸಮಾಧಾನವಾಗಲಿಲ್ಲ, ಹೇಸಿಗೆಯಾಯಿತು. ಗಂಡನ ಮಾತು ನಂಬದವಳು ಆ ಕಪ್ಪು-ಬಿಳಿ ಮಸುಕನ್ನು ನಂಬಿದಳಲ್ಲ.

ಎಕೋದಲ್ಲಿ ಹಾರ್ಟ್ ಫೇಲ್ಯೂರ್ ಖಚಿತವಾಯಿತು. ಎಂಟು ದಿನ ಅಡ್ಮಿಟ್. ಇಂಜೆಕ್ಷನ್ ಕೊಟ್ಟು ಮೈಯಲ್ಲಿ ತುಂಬಿದ್ದ ನೀರು ಇಳಿಸಿದರು, ನನ್ನ ಮೂತ್ರವನ್ನು ಪ್ಲಾಸ್ಟಿಕ್ ಜಗ್ಗಿನಲ್ಲಿ ಅಳೆದರು. ಅವಳೊಂದಿಗೆ ನಾನು ಮಾತಾಡಲಿಲ್ಲ. ಡಿಸ್ಚಾರ್ಜ್ ಮಾಡುವಾಗ, ಉಪ್ಪು ಮೈಯಲ್ಲಿ ನೀರು ನಿಲ್ಲಿಸುತ್ತದೆ, ಉಪ್ಪಿನಕಾಯಿ ಬಿಡಲೇಬೇಕು, ಅಡುಗೆಗೂ ಉಪ್ಪು ಹಾಕಬೇಡಿ ಎಂದರು.

ಮನೆಗೆ ಬಂದ ಮಧ್ಯಾಹ್ನ ಸಪ್ಪೆ ಗಂಜಿ ಬಡಿಸಿದಳು. ಗೋಡೆಗೆ ಪೋಸ್ಟರ್ ಹಚ್ಚುವ ಅಂಟಿನ ಹಾಗಿತ್ತು. ಉಗಿಯಬೇಕೆನಿಸಿತು. ನೋಡಿದರೆ ಅವಳ ಬಟ್ಟಲಲ್ಲೂ ಅದೇ. ಉಪ್ಪಿನಕಾಯಿಯ ಭರಣಿ ಕಾಣಲಿಲ್ಲ.

"ನಿಂಗೆಂತ ಆಗಿದೆ? ಉಪ್ಪು ಹಾಕಿ ಉಣ್ಣು."

"ನಿಮ್ಮ ಮಾತು ನಂಬ್ಲಿಲ್ಲ ಅಲ್ವಾ ನಾನು" ಎಂದಳು. ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಥೂ! ಇದನ್ನು ದಿನಾ ಹೇಗೆ ಉಣ್ಣೂದು ಮಾರಾಯ್ರೇ?"

ಗೊತ್ತಿಲ್ಲ ಎಂದೆ. ಇಬ್ಬರೂ ಮುಖ ಸಿಂಡರಿಸಿಕೊಂಡೇ ಬಟ್ಟಲು ಖಾಲಿ ಮಾಡಿದೆವು.