ಜಗಲಿಯ ಮೇಲೆ ಮುರಿದ ಕಡ್ಡಿ

ನನ್ನ ಮದುವೆಯನ್ನು ಮುರಿಯುವಾಗ ನಾನು ಅಡುಗೆಮನೆಯಲ್ಲಿ ಅವರೆಕಾಳಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅದು ಬೇಗೂರಿನಲ್ಲಿ, ಗಂಡನ ಜೊತೆ ಜಗಳವಾಗಿ ನಾನು ಬಂದು ಸೇರಿದ್ದ ನಮ್ಮ ಅಣ್ಣನ ಮನೆ. ಹೊರಗೆ ಜಗಲಿಯ ಮೇಲೆ ಕುಲದ ಯಜಮಾನ, ಅವನು ಕೆಮ್ಮಿದರೂ ತಲೆಯಾಡಿಸುವ ನಾಲ್ಕು ಜನ, ಹರದನಹಳ್ಳಿ ಕಡೆಯಿಂದ ಬಂದಿದ್ದ ನನ್ನ ಗಂಡ ಕೂತಿದ್ದರು. ರಾಜಿ ಮಾಡಿಸಲು ಬಂದಿದ್ದಾರೆ ಅಂತ ಅಣ್ಣ ಹೇಳಿದ್ದ. ನಾನು ನಂಬಿ, ಗಂಟಿಲ್ಲದ ಹಾಗೆ ಮುದ್ದೆ ತೊಳಸಿ ಇಟ್ಟಿದ್ದೆ.

ನಮ್ಮವರಲ್ಲಿ ಗಂಡ ಹೆಂಡತಿ ಬೇರೆಯಾಗಬೇಕಾದರೆ ಕಡ್ಡಿ ಮುರಿಯುವ ಪದ್ಧತಿ. ಯಜಮಾನನ ಎದುರು ಗಂಡ ಒಂದು ತುದಿ, ಹೆಂಡತಿ ಇನ್ನೊಂದು ತುದಿ ಹಿಡಿದು ಮುರಿಯಬೇಕು. ನನ್ನ ತುದಿಯನ್ನು ಅಣ್ಣ ಹಿಡಿದ. ಇಲ್ಲ ಅಂದರೆ ಎಲ್ಲಿ ಕುಲದಿಂದ ಹೊರಗೆ ಹಾಕುತ್ತಾರೋ ಎಂದು ಹೆದರಿದ ಪುಕ್ಕಲು. ಮೀಸೆ ಮಾತ್ರ ದೊಡ್ಡದಾಗಿ ಬಿಟ್ಟಿದ್ದ.

ಮುರಿದಾದ ಮೇಲೆ ಎಲ್ಲರೂ ಒಳಗೆ ಬಂದು ಉಂಡರು. ಯಜಮಾನ ಸಾರನ್ನು ಎರಡು ಸಲ ಹಾಕಿಸಿಕೊಂಡ. ಕೈ ತೊಳೆದು, ಬಾಯಿ ಒರೆಸಿಕೊಂಡು ನನಗೆ ಹೇಳಿದ: “ನಿಂದು ಬುಡುಗಡೆ ಆಯ್ತು ಕಣಮ್ಮಿ. ಗಂಡುಮಗ ಗಂಡನ ಮನೇದು. ನೀನು ಅಣ್ಣನ ಮನೇಲಿ ತೆಪ್ಪಗಿರು.”

ನನಗೆ ಅರ್ಥವಾಗುವಷ್ಟರಲ್ಲಿ ಗಂಡ ನಡುಮನೆಯಲ್ಲಿ ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಟಿದ್ದ. ಮಗನಿಗೆ ಆಗ ಮೂರು ವರ್ಷ. ನಾನು ರಸ್ತೆಗೆ ಓಡಿ ಬಂದಾಗ ಬಸ್ಸು ಹೋಗಿಯಾಗಿತ್ತು.

ಗಂಡನಿಗಾಗಿ ನಾನು ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಅವನು ಆಗಲೇ ಇನ್ನೊಬ್ಬಳನ್ನು ಗೊತ್ತು ಮಾಡಿಕೊಂಡಿದ್ದ. ಅಂಥವನನ್ನು ಕಳಿಸಲು ಕಡ್ಡಿ ಯಾಕೆ, ಪೊರಕೆ ಸಾಕಿತ್ತು. ನನಗೆ ಬೇಕಾಗಿದ್ದವನು ಮಗ.

ಅಣ್ಣನ ಮನೆ ಬಿಟ್ಟು ಗುಂಡ್ಲುಪೇಟೆಯಲ್ಲಿ ಒಂದು ರೂಮು ಹಿಡಿದು, ರವಿಕೆ ಹೊಲಿಯುತ್ತಾ ವಕೀಲರನ್ನು ಹುಡುಕಿದೆ. ಮೊದಲು ಸಿಕ್ಕ ಮಹಾನುಭಾವರು “ಹೆಣ್ಣಾದವಳು ಸ್ವಲ್ಪ ಹೊಂದಿಕೊಂಡು ಹೋಗಬೇಕಮ್ಮ” ಎಂದರು. ಆ ಬುದ್ಧಿವಾದ ಹೇಳಲು ಕರಿಕೋಟು ಬೇಕಿರಲಿಲ್ಲ, ನಮ್ಮ ಅತ್ತೆ ಪುಕ್ಕಟೆ ಹೇಳುತ್ತಿದ್ದಳು. ಆಮೇಲೆ ಚಾಮರಾಜನಗರದಲ್ಲಿ ಇನ್ನೊಬ್ಬರನ್ನು ಹಿಡಿದೆ. ಅವರು ಕೇಸು ಹಾಕಿದರು, ವಾಯಿದೆಯ ಮೇಲೆ ವಾಯಿದೆ ತೆಗೆದುಕೊಂಡರು, ಕೋರ್ಟಿನಲ್ಲಿ ಕೂತಲ್ಲೇ ತೂಕಡಿಸಿದರು. ಎರಡು ವರ್ಷ ಹೀಗೇ ಹೋಯಿತು. ಮಗನನ್ನು ನೋಡಲು ಹೋದರೆ ಗಂಡನ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಗಂಡನ ವಾದ ಇಷ್ಟೇ: ಕುಲದ ಪದ್ಧತಿಯಂತೆ ಬಿಡುಗಡೆಯಾಗಿದೆ, ಮಗು ತಂದೆಗೆ ಎಂಬ ತೀರ್ಮಾನವನ್ನೂ ಅವಳು ಒಪ್ಪಿದ್ದಾಳೆ. ಇದಕ್ಕೆ ಸಾಕ್ಷಿ ಯಜಮಾನ. ಇಸ್ತ್ರಿ ಪಂಚೆ ಉಟ್ಟು, ಹೆಗಲ ಮೇಲೆ ಟವಲು ಹೊದ್ದು, ಕೋರ್ಟು ತನ್ನದೇ ಜಗಲಿ ಎನ್ನುವ ಹಾಗೆ ಕಟಕಟೆ ಹತ್ತಿದ. ಕಡ್ಡಿಯ ಎರಡು ತುದಿ ಯಾರ್ಯಾರು ಹಿಡಿಯಬೇಕು ಎಂದು ನ್ಯಾಯಾಧೀಶರಿಗೆ ಪಾಠ ಮಾಡಿದ.

ನಮ್ಮ ವಕೀಲರು ಎದ್ದು ನಿಂತು, ಅವತ್ತು ನಾನು ಎಲ್ಲಿದ್ದೆ ಎಂದು ಕೇಳಿದರು.

“ಒಳುಗಿದ್ಲು ಸ್ವಾಮಿ. ಅಡುಗೆ ಮಾಡ್ತಿದ್ಲು.”

“ಕಡ್ಡಿ ಮುರಿಯುತ್ತೇವೆ ಅಂತ ಅವರಿಗೆ ತಿಳಿಸಿದ್ದಿರಾ?”

“ಉಂಡ್ಮೇಲೆ ಯೋಳುದ್ವಿ. ಮೊದ್ಲೇ ಯೋಳುದ್ರೆ ಊಟ ಕೆಟ್ಟೋಗದಿಲ್ವಾ?”

“ಅವರ ಒಪ್ಪಿಗೆ?”

“ಎಂಗಸ್ನ ಏನ್ ಕೇಳದು ಸ್ವಾಮಿ” ಎಂದ ಯಜಮಾನ, ಸುತ್ತ ನೋಡುತ್ತಾ, ತಲೆಯಾಡಿಸುವವರನ್ನು ಹುಡುಕುತ್ತಾ. ಗಂಡನ ವಕೀಲರು ಹಣೆ ಒತ್ತಿಕೊಂಡರು. ನನ್ನ ವಕೀಲರು ಎರಡು ವರ್ಷದಲ್ಲಿ ಮಾಡಲಾಗದ್ದನ್ನು ಅವನ ಜಂಭ ಮೂರು ಮಾತಿನಲ್ಲಿ ಮಾಡಿ ಮುಗಿಸಿತು. ಕೆಳಗಿಳಿದು ಬಂದು “ಎಂಗೆ ಯೋಳ್ದೆ?” ಎಂದು ನನ್ನ ಗಂಡನನ್ನೇ ಕೇಳಿದ. ಬಾಯಿ ಇದ್ದರೆ ಸಾಕು, ಬುದ್ಧಿ ಯಾಕೆ ಬೇಕು ಯಜಮಾನಿಕೆಗೆ.

ಅವನೇ ಹೇಳಿದ ಪದ್ಧತಿಯ ಪ್ರಕಾರವೂ ಮದುವೆ ಮುರಿದಿಲ್ಲ, ಜಗಲಿಯ ತೀರ್ಮಾನಕ್ಕೆ ಬೆಲೆಯಿಲ್ಲ, ಮಗು ತಾಯಿಯ ಹತ್ತಿರ ಇರಲಿ, ತಂದೆ ಜೀವನಾಂಶ ಕೊಡಲಿ ಎಂದು ಆದೇಶವಾಯಿತು. ಆ ಗಂಡನಿಂದ ನಿಜವಾದ ವಿಚ್ಛೇದನವನ್ನು ಆಮೇಲೆ ನಾನೇ ಕೇಳಿ ಪಡೆದೆ.

ಆದೇಶ ಬಂದ ಮೇಲೆ ಮಗನನ್ನು ಕರೆದುಕೊಂಡು ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಅವನು ಕಿಟಕಿಗೆ ಒತ್ತಿಕೊಂಡು ಕೂತ. ತೆರಕಣಾಂಬಿ ದಾಟಿದ ಮೇಲೆ ನನ್ನ ಕೈಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದ.

“ನಮ್ಮವ್ವ ಸತ್ತೋದ್ಲು ಅಂದಿದ್ರು ಅಪ್ಪ.”

ಎರಡು ವರ್ಷ ಕೋರ್ಟಿನ ಮೆಟ್ಟಿಲಲ್ಲಿ ಅಳದವಳು ನಾನು, ಬಸ್ಸಿನ ತುಂಬ ಜನರ ನಡುವೆ ಸೆರಗು ಬಾಯಿಗೆ ಒತ್ತಿಕೊಂಡೆ. ಥೂ, ಇವರ ಜನ್ಮಕ್ಕೆ ಅನ್ನಿಸಿತು.

“ಸತ್ತಿಲ್ಲ ಕಣಪ್ಪ” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. “ಸತ್ತೋರು ಅಳ್ತಾರಾ?”

“ಇಲ್ಲ.”

“ಅಂಗಾರೆ ಅಳು” ಎಂದ.